ಬೆಣ್ಣೆಯೊಳಗಿನ ಗುಳಿಗೆ

ನಮ್ಮ ಮನೆಯಲ್ಲಿ ಈಗ ದಿನಾ ಬೆಳಿಗ್ಗೆ ಮೂವರು ಒಂದೇ ಜಾತಿಯ ಗುಳಿಗೆ ನುಂಗುತ್ತೇವೆ. ನಾನು, ನನ್ನ ಗಂಡ, ಒಂಬತ್ತು ವರ್ಷದ ಸಣ್ಣ ಮಗಳು. ರಕ್ತದೊಳಗಿನ ಕೊಬ್ಬು ಇಳಿಸುವ ಗುಳಿಗೆ. ಊರಲ್ಲಿ ಇದನ್ನು ಹೇಳಿದರೆ ಜನ ಮೊದಲು ನನ್ನ ಮೈ ನೋಡುತ್ತಾರೆ, ಆಮೇಲೆ ಮಗಳ ಮೈ ನೋಡುತ್ತಾರೆ. ಇಬ್ಬರೂ ಸಣಕಲು. "ಕೊಬ್ಬ ಎಲ್ಲೈತಿಬೇ ನಿಮ್ಮ ಮೈಯಾಗ, ಹುಡುಕಿದ್ರ ಪಾವಕೆಜಿ ಸಿಗಾಂಗಿಲ್ಲ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ನಾಲ್ಕನೆಯವಳ ಮಾತನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಇಲ್ಲಿ ಎತ್ತುತ್ತೇನೆ.

ನಾಲ್ಕನೆಯವಳು ನನ್ನ ದೊಡ್ಡ ಮಗಳು. ಹನ್ನೆರಡು ತುಂಬುವುದರೊಳಗೆ ಹೋದಳು.

ನನ್ನನ್ನು ಕೊಟ್ಟದ್ದು ಸೋದರಮಾವನಿಗೆ. ನಮ್ಮ ಕಡೆ ಇದು ಹೊಸದಲ್ಲ. ಹೊರಗಿನ ಹೆಣ್ಣು ತಂದು ತಲೆನೋವು ಕಟ್ಟಿಕೊಳ್ಳುವುದಕ್ಕಿಂತ ಅಕ್ಕನ ಮಗಳೇ ಲೇಸು ಎಂದು ಎರಡೂ ಮನೆಯವರು ಕೂಡಿ ಮಾಡಿದ ಲಗ್ನ. ನಾನು ಹುಟ್ಟಿದ್ದು ಯರಗುಪ್ಪಿಯಲ್ಲಿ; ಅವ್ವನ ತವರೇ ನನಗೆ ಗಂಡನ ಮನೆಯಾಯಿತು. ಅವ್ವನ ಅವ್ವ, ನಾನು ಮಾತು ಕಲಿತಾಗಿನಿಂದ ಆಯಿ ಎಂದು ಕರೆದವಳೇ, ನನಗೆ ಅತ್ತೆಯಾದಳು. ಲಗ್ನವಾದ ಮೇಲೂ ಆಯಿ ಎಂದೇ ಕರೆದೆ. ಮುಂದೆ ನನ್ನ ಮಕ್ಕಳೂ ಅವಳನ್ನು ಆಯಿ ಎಂದರು. ಅತ್ತೆಯ ಹತ್ತಿರ ಯಾವ ಸೊಸೆಯೂ ಆಡಬಾರದ ಮಾತನ್ನು ನಾನು ಆಡಿದ್ದು ಆ ಸಲಿಗೆಯಿಂದಲೇ. ಬೇರೆ ಮನೆಯ ಅತ್ತೆಯಾಗಿದ್ದರೆ ಹೆದರುತ್ತಿದ್ದೆ. ಹೆದರಿದ್ದರೆ ಒಳ್ಳೆಯದಿತ್ತು.

ಆ ಮನೆತನದವರ ಕಣ್ಣಲ್ಲಿ ಒಂದು ಗುರುತಿದೆ. ಕರಿಗುಡ್ಡೆಯ ಸುತ್ತ ತೆಳ್ಳಗೆ ಒಂದು ಬಿಳಿ ಬಳೆ. ಆಯಿಯ ಗಂಡನಿಗೆ, ಅಂದರೆ ನನ್ನ ಅಜ್ಜನಿಗೆ, ಅದು ಎದ್ದು ಕಾಣುವ ಹಾಗೆ ಇತ್ತಂತೆ. ನನ್ನ ಗಂಡನಿಗೆ ಮೂವತ್ತು ದಾಟುವಾಗ ಬಂತು. ಆಯಿಗೆ ಅದು ಅಗದಿ ಹೆಮ್ಮೆ. "ಬೆಳ್ಳಿ ಕಟ್ಟು ಹಾಕಿದ ಕಣ್ಣು, ನಮ್ಮ ಮನಿ ಗಂಡಸರನ್ನ ಸಾವಿರ ಮಂದ್ಯಾಗ ಹುಡುಕಬಹುದು" ಎನ್ನುತ್ತಿದ್ದಳು. ನನ್ನ ದೊಡ್ಡ ಮಗಳಿಗೆ ಆರು ವರ್ಷಕ್ಕೇ ಆ ಬಳೆ ಕಂಡಾಗ ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನಲವತ್ತಕ್ಕೇ ಹೊಲದಲ್ಲಿ ಕುಸಿದು ಹೋದ ಗಂಡ ಮೊಮ್ಮಗಳ ಕಣ್ಣಲ್ಲಿ ತಿರುಗಿ ಬಂದಿದ್ದಾನೆ ಎಂದು ಅವಳ ಲೆಕ್ಕ. ನಾನೂ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡೆ.

ಅದೇ ವರ್ಷ ಮಗಳ ಮೊಣಕೈ, ಮೊಣಕಾಲು, ಹಿಮ್ಮಡದ ಮೇಲೆ ಹಳದಿ ಬಣ್ಣದ ಗಂಟುಗಳು ಎದ್ದವು. ಮೊದಲು ಜೋಳದ ಕಾಳಿನಷ್ಟು, ಆಮೇಲೆ ಕಡಲೆಕಾಳಿನಷ್ಟು. ನರೂಲಿ ಎಂದುಕೊಂಡೆವು. ಆಯಿ ಎಲ್ಲಿಂದಲೋ ಕುದುರೆ ಬಾಲದ ಕೂದಲು ತಂದು ಒಂದೊಂದಕ್ಕೂ ಬಿಗಿದು ಕಟ್ಟಿದಳು. ನಾನು ಸುಣ್ಣ ಹಚ್ಚಿದೆ. ಚರ್ಮ ಸುಟ್ಟಿತು, ಹುಡುಗಿ ಅತ್ತಳು, ಗಂಟು ಇದ್ದಲ್ಲೇ ಇತ್ತು.

ನಾನು ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಊರಿನ ಸಣ್ಣ ಮಕ್ಕಳನ್ನು ತೂಕ ಮಾಡುವುದು, ಬಡಕಲು ಕೂಸು ಕಂಡರೆ ಅದರ ತಾಯಿಯನ್ನು ಕರೆದು ಬೈಯುವುದು, ಶೇಂಗಾ ಚಿಕ್ಕಿ, ತತ್ತಿ, ಹಾಲು ಕೊಟ್ಟು ಅದರ ಮೈ ತುಂಬಿಸುವುದು ನನ್ನ ನೌಕರಿ. ಮಕ್ಕಳ ಆರೋಗ್ಯ ನನಗಿಂತ ಬಲ್ಲವರು ಊರಲ್ಲಿ ಇಲ್ಲ ಎಂಬ ಗರ್ವ ನನಗಿತ್ತು. ನಮ್ಮ ಅಂಗನವಾಡಿಯ ಬಾಜೂಕ್ಕೇ ಶಾಲೆ. ಒಂದು ದಿನ ಶಾಲೆಯ ಮಕ್ಕಳನ್ನು ತಪಾಸಣೆ ಮಾಡಲು ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಮಗಳನ್ನು ಬೆಳಕಿಗೆ ಕರೆದು ಕಣ್ಣು ನೋಡಿದರು, ಮೊಣಕೈ ನೋಡಿದರು, ಚಪ್ಪಲಿ ಬಿಚ್ಚಿಸಿ ಹಿಮ್ಮಡ ನೋಡಿದರು. ಆಮೇಲೆ ನನ್ನನ್ನು ಕರೆಸಿದರು.

"ಇವು ನರೂಲಿ ಅಲ್ಲರಿ ಅಕ್ಕಾರ. ನಾಳೆನೇ ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ. ನಾಡದು ಅನ್ನಬ್ಯಾಡ್ರಿ."

ಹುಬ್ಬಳ್ಳಿಯಲ್ಲಿ ರಕ್ತವನ್ನು ಎರಡು ಸಲ ತೆಗೆದರು. ಮೊದಲನೆಯ ಸಲ ಬಂದ ಅಂಕಿಯನ್ನು ಲ್ಯಾಬಿನವನೇ ನಂಬಲಿಲ್ಲ. "ಚೀಟಿ ಅದಲಬದಲ ಆಗಿರಬೇಕ್ರಿ, ಇದು ಕೂಸಿನ ರಕ್ತ ಅಲ್ಲ" ಎಂದ. ಎರಡನೆಯ ಸಲವೂ ಅಷ್ಟೇ ಬಂತು. ಆಗ ನಮ್ಮನ್ನು ಹೃದಯದ ಡಾಕ್ಟರ ಹತ್ತಿರ ಕಳಿಸಿದರು. ತಲೆ ಅರ್ಧ ನರೆತ, ಅವಸರವಿಲ್ಲದ ಮನುಷ್ಯ. ಒಂದು ಹಾಳೆ ತೆಗೆದುಕೊಂಡು ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಬರೆಯುತ್ತ ಹೋದರು.

"ಮನ್ಯಾಗ ಯಾರಾದ್ರೂ ಸಣ್ಣ ವಯಸ್ಸಿನ್ಯಾಗ ಒಮ್ಮೆಲೆ ತೀರಿಕೊಂಡಾರೇನ್ರಿ?"

"ನಮ್ಮಪ್ಪರಿ" ಎಂದರು ನನ್ನ ಗಂಡ. "ಕುಂಟಿ ಹೊಡಿಯೂ ಮುಂದ ಹೊಲದಾಗ ಬಿದ್ದರಂತ. ನಾ ಆವಾಗ ಕೂಸು."

"ಇವರ ಕಡೆ?"

"ಇವರ ಅಜ್ಜನೂ ಅವರೇ ರಿ."

ಡಾಕ್ಟರ ಪೆನ್ನು ನಿಂತಿತು. ನನ್ನ ಸೊನ್ನೆಯಿಂದ ಎಳೆದ ಗೆರೆ ನನ್ನ ಅವ್ವನನ್ನು ದಾಟಿ ಅಜ್ಜನ ಚೌಕಕ್ಕೆ ಹೋಯಿತು. ನನ್ನ ಗಂಡನ ಗೆರೆಯೂ ಅದೇ ಚೌಕಕ್ಕೆ ಹೋಯಿತು. ಎರಡೂ ಗೆರೆ ಕೂಡಿ ಕೆಳಗಿಳಿದು ಮಗಳ ಸೊನ್ನೆಯಲ್ಲಿ ಸೇರಿದವು. ಆ ಸೊನ್ನೆಯನ್ನು ಡಾಕ್ಟರು ಪೂರ್ತಿ ಕಪ್ಪು ಮಾಡಿದರು. ಅಜ್ಜನ ರಕ್ತದಲ್ಲಿದ್ದ ದೋಷ ನನಗೂ ಗಂಡನಿಗೂ ಅರ್ಧರ್ಧ ಬಂದಿದೆ, ಈ ಕೂಸಿಗೆ ಎರಡೂ ಕಡೆಯಿಂದ ಬಂದು ಪೂರ್ತಿಯಾಗಿದೆ ಎಂದು ಬಿಡಿಸಿ ಹೇಳಿದರು. ಕೊಬ್ಬು ಇವಳ ಊಟದಿಂದ ಬಂದದ್ದಲ್ಲ, ಇವಳ ಮೈಯೇ ತಯಾರು ಮಾಡಿ ಹೊರಗೆ ಹಾಕಲಾರದೆ ನರಗಳಲ್ಲಿ, ಗಂಟುಗಳಲ್ಲಿ, ಕಣ್ಣಲ್ಲಿ ತುಂಬಿಕೊಳ್ಳುತ್ತಿದೆ ಎಂದರು. ಬೆಳ್ಳಿ ಕಟ್ಟು ಎಂದು ಸಕ್ಕರೆ ಹಂಚಿದ್ದು ನೆನಪಾಗಿ ನನಗೆ ಕುರ್ಚಿಯಲ್ಲಿ ಕೂಡಲಾಗಲಿಲ್ಲ.

"ಗುಳಿಗಿ ದಿನಾ ತಪ್ಪಬಾರದ್ರಿ. ಇದು ಜೀವಮಾನಪೂರ್ತಿ. ಜೋಡಿ ಊಟದಾಗೂ ಎಣ್ಣಿ ಬೆಣ್ಣಿ ಸ್ವಲ್ಪ ಕಡಿಮಿ ಇರಲಿ." ಡಾಕ್ಟರು ಇದೇ ಅನುಕ್ರಮದಲ್ಲಿ ಹೇಳಿದರು. ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಅದು ತಿರುಗುಮುರುಗಾಗಿತ್ತು.

ಯಾಕೆಂದರೆ ನಾನು ಪಥ್ಯದ ಊರಿನವಳು. ನಮ್ಮಲ್ಲಿ ಕಾಮಣಿಯಾದರೆ, ಕಣ್ಣು ಹಳದಿಯಾದರೆ, ಔಷಧ ಕೊಡುವವರು ಒಂದು ದಿನ ಸೊಪ್ಪಿನ ರಸ ಕುಡಿಸಿ ತಿಂಗಳುಗಟ್ಟಲೆ ಪಥ್ಯ ಹೇಳುತ್ತಾರೆ. ಎಣ್ಣೆ ಇಲ್ಲ, ಖಾರ ಇಲ್ಲ, ಒಗ್ಗರಣೆಯ ವಾಸನೆಯೂ ಮೂಗಿಗೆ ಬಡಿಯಬಾರದು. ರೋಗಿ ಗುಣವಾದರೆ ಪಥ್ಯದ ಗುಣ. ಆಗದಿದ್ದರೆ "ಎಲ್ಲೋ ಪಥ್ಯ ಮುರಿದಾನ" ಎನ್ನುತ್ತಾರೆ. ಔಷಧ ಹೊಟ್ಟೆಗೆ ಹೋಯಿತೋ ಇಲ್ಲವೋ ಎಂದು ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ಅಂಗನವಾಡಿಯ ತರಬೇತಿಗಳು ನನ್ನ ಮೇಲೆ ಬಳಿದ ಸುಣ್ಣ. ಒಳಗೆ ಇದ್ದದ್ದು ಇದೇ ಮಣ್ಣು.

ಗುಳಿಗೆಯನ್ನು ಅರ್ಧ ಮುರಿದು ಕೊಡಬೇಕಿತ್ತು. ಮುರಿದ ಗುಳಿಗೆ ಕಹಿ. ಮೊದಲ ವಾರ ಹುಡುಗಿ ನೀರಿನ ಜೊತೆ ಬಾಯಿಗೆ ಹಾಕಿಕೊಂಡು ಓಕರಿಸುವುದು, ನಾನು ಬೈಯುವುದು, ತೊಟ್ಟಿಲಲ್ಲಿದ್ದ ಸಣ್ಣಾಕೆ ಗದ್ದಲಕ್ಕೆ ಎದ್ದು ಅಳುವುದು. ಎಂಟನೆಯ ದಿನ ಆಯಿ ನನ್ನ ಕೈಯಿಂದ ಗುಳಿಗೆಯನ್ನು ಇಸಿದುಕೊಂಡಳು. "ನೀ ಹೋಗಬೇ ಅಂಗನವಾಡಿಗೆ. ನಾ ಕೊಡತೇನಿ." ಅವತ್ತಿನಿಂದ ಗುಳಿಗೆ ಕೊಡುವ ಕೆಲಸ ಆಯಿಯದಾಯಿತು. ಹುಡುಗಿ ಅಳುವುದು ನಿಂತಿತು. ಅದು ಹೇಗೆ ನಿಂತಿತು ಎಂದು ನಾನು ಕೇಳಲಿಲ್ಲ, ತಲೆನೋವು ಹೋಯಿತಲ್ಲ ಎಂದು ಸುಮ್ಮನಾದೆ. ಒಂದು ವರ್ಷ ಹೀಗೇ ನಡೆಯಿತು. ಹುಬ್ಬಳ್ಳಿಯಲ್ಲಿ ರಕ್ತ ನೋಡಿಸಿದಾಗ ಅಂಕಿ ಇಳಿದಿತ್ತು. ಡಾಕ್ಟರು "ಶಾಬಾಸ್" ಎಂದು ಮಗಳ ಬೆನ್ನು ತಟ್ಟಿದರು. ನಾನು ಅದನ್ನು ನನ್ನ ಪಥ್ಯದ ಪಾಲಿಗೆ ಹಾಕಿಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ಮರೆತುಹೋದ ಹಾಜರಿ ಪುಸ್ತಕ ಒಯ್ಯಲು ಅರ್ಧ ದಾರಿಯಿಂದ ತಿರುಗಿ ಬಂದೆ. ಆಯಿ ಆಗಷ್ಟೇ ಮಜ್ಜಿಗೆ ಕಡೆದು ಬೆಣ್ಣೆ ತೆಗೆದಿದ್ದಳು. ಅಡಿಕೆಯಷ್ಟು ಬೆಣ್ಣೆಯನ್ನು ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಒಂದು ಕುಣಿ ಒತ್ತಿ, ಕುಣಿಯೊಳಗೆ ಗುಳಿಗೆ ಇಟ್ಟು ಮುಚ್ಚಿದಳು. "ಆ ಅನ್ನವಾ" ಎಂದಳು. ಹುಡುಗಿ ಆ ಎಂದಳು. ಗುಟುಕ್ಕನೆ ಒಳಗೆ ಹೋಯಿತು. ತುಟಿಗೆ ಹತ್ತಿದ್ದ ಬೆಣ್ಣೆಯನ್ನು ನೆಕ್ಕಿಕೊಂಡು ನಗುತ್ತಿದ್ದ ಮಗಳು ಬಾಗಿಲಲ್ಲಿ ನನ್ನನ್ನು ನೋಡಿ ನಗು ನಿಲ್ಲಿಸಿದಳು.

ಕೊಬ್ಬಿನ ರೋಗಕ್ಕೆ ಬೆಣ್ಣೆ! ನನಗೆ ಮೈಯೆಲ್ಲ ಉರಿಯಿತು. ನಾನು ಹನಿ ಎಣ್ಣೆಯನ್ನೂ ಅಳೆದು ಹಾಕುತ್ತಿದ್ದೆ, ಇವಳು ನನ್ನ ಬೆನ್ನ ಹಿಂದೆ ಬೆಣ್ಣೆಯ ಉಂಡೆ ಕೊಡುತ್ತಿದ್ದಳು.

"ಕೊಲ್ಲಾಕ ನಿಂತೀಯೇನ ಆಯಿ ಆಕೀನ್ನ?" ಎಂದೆ. ಆಯಿ ಏನೋ ಹೇಳಲು ಬಾಯಿ ತೆರೆದಳು. ನಾನು ಬಿಡಲಿಲ್ಲ. "ಗಂಡನ್ನ ತಿಂದಿ. ಅಷ್ಟು ಸಾಲಲಿಲ್ಲೇನ ನಿನಗ?"

ಮೂವತ್ತೈದು ವರ್ಷ ಯಾವ ಕೆಟ್ಟ ನಾಲಿಗೆಯವರೂ ಅವಳ ಎದುರಿಗೆ ಆಡದ ಮಾತು ಅದು. ಅವಳ ಮಡಿಲಲ್ಲಿ ಆಡಿ ಬೆಳೆದ ನಾನು ಆಡಿದೆ. ಆಯಿ ಎದ್ದಳು. ಕಡಗೋಲನ್ನು ತೊಳೆದು ಒರೆಸಿ ಅಟ್ಟದ ಮೇಲೆ ಇಟ್ಟಳು. ಆ ವಾರವೇ ನಾನು ಹಟ ಮಾಡಿ ಎಮ್ಮೆಯನ್ನು ಯರಗುಪ್ಪಿಗೆ, ನನ್ನ ತವರಿಗೆ, ಹೊಡೆಸಿಬಿಟ್ಟೆ. ಆಯಿ ತನ್ನ ರೊಟ್ಟಿಗೂ ಬೆಣ್ಣೆ ಬಿಟ್ಟಳು. ಮೊಮ್ಮಗಳು ತಿನ್ನದ್ದು ತನಗೂ ಬೇಡ ಎಂದು ನನ್ನ ಗಂಡನ ಹತ್ತಿರ ಹೇಳಿದಳಂತೆ. ನನ್ನ ಹತ್ತಿರ ಅದನ್ನೂ ಹೇಳಲಿಲ್ಲ.

ಅಲ್ಲಿಂದ ನನ್ನ ಪಥ್ಯ ಊರಿಗೇ ಹೆಸರಾಯಿತು. ಶೇಂಗಾ ಚಟ್ನಿ ನಿಂತಿತು. ಪಲ್ಯಕ್ಕೆ ಒಗ್ಗರಣೆ ನಿಂತಿತು. ಬಾಜೂ ಮನೆಯ ಚಾಚಿ ರಂಜಾನಿಗೆ ಹಾಲು ತುಪ್ಪದ ಶಾವಿಗೆ ಪಾಯಸ, ಸುರಕುಂಬ, ಕಳಿಸಿದರೆ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದೆ. ಮರುವರ್ಷ ಆ ಪುಣ್ಯಾತ್ಗಿತ್ತಿ ನನ್ನ ಮಗಳಿಗೆಂದೇ ಬೇರೆ ಬೋಗುಣಿಯಲ್ಲಿ ತುಪ್ಪ ಹಾಕದ ಶಾವಿಗೆ ಮಾಡಿ, "ಇದನ್ನರ ತಿನ್ನಲಿ ಬಿಡವಾ, ನೀರು ಸಕ್ಕರಿ ಬಿಟ್ರ ಏನೂ ಇಲ್ಲ ಇದರಾಗ" ಎಂದು ತಾನೇ ತಂದು ಕೊಟ್ಟಳು. ಲಗ್ನದ ಊಟಗಳಲ್ಲಿ ಹುಡುಗಿ ಹೋಳಿಗೆಯ ಪಂಕ್ತಿಯಲ್ಲಿ ಅನ್ನ ಮಜ್ಜಿಗೆ ಉಂಡು ಏಳುತ್ತಿದ್ದಳು. ಶಾಲೆಯಲ್ಲಿ ಅವಳಿಗೆ 'ಪಥ್ಯದಾಕಿ' ಎಂದು ಹೆಸರು ಬಿತ್ತು. ಹಗಲೆಲ್ಲ ಊರ ಮಕ್ಕಳಿಗೆ "ತಿನ್ನು, ಇನ್ನೊಂದು ತಿನ್ನು" ಎಂದು ಚಿಕ್ಕಿ ತುರುಕುತ್ತಿದ್ದ ನಾನು ಮನೆಗೆ ಬಂದು ನನ್ನ ಕೂಸಿನ ಕೈಯಿಂದ ಚಿಕ್ಕಿ ಕಸಿಯುತ್ತಿದ್ದೆ. ಒಮ್ಮೆ ಅವಳು ತಂಗಿಗೆ ತಿನ್ನಿಸುತ್ತ, ತಂಗಿಯ ಬಾಯಿಯ ಹತ್ತಿರ ಮೂಗು ಇಟ್ಟು ವಾಸನೆ ನೋಡುತ್ತಿದ್ದದ್ದನ್ನು ಕಂಡೆ. ಕಂಡೂ ಕರಗಲಿಲ್ಲ.

ಗುಳಿಗೆ? ಅದನ್ನು ಅವಳ ಕೈಗೇ ಕೊಟ್ಟಿದ್ದೆ. "ದೊಡ್ಡಾಕಿ ಆಗೀದಿ, ನೀನ ನುಂಗು" ಎಂದಿದ್ದೆ. ಅವಳು ನನ್ನ ಎದುರಿಗೇ ಬಾಯಿಗೆ ಹಾಕಿಕೊಂಡು ನೀರು ಕುಡಿದು, ತಂಬಿಗೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಗುಳಿಗೆಯ ಹಾಳೆ ಹೊತ್ತಿಗೆ ಸರಿಯಾಗಿ ಖಾಲಿಯಾಗುತ್ತಿತ್ತು. ಆದರೆ ಹುಬ್ಬಳ್ಳಿಗೆ ಹೋದಾಗಲೆಲ್ಲ ಅಂಕಿ ಮೇಲೇರುತ್ತಿತ್ತು. ಡಾಕ್ಟರು ಗುಳಿಗೆ ಹೆಚ್ಚಿಸಿದರು, ಇನ್ನೊಂದು ಜಾತಿಯದನ್ನು ಕೂಡಿಸಿದರು.

"ನಡುವ ತಪ್ಪಸ್ತಾಳೇನ್ರಿ?"

"ಒಂದಿನಾನೂ ಇಲ್ಲರಿ" ಎಂದು ಎದೆಯ ಮೇಲೆ ಕೈ ಇಟ್ಟು ಹೇಳಿದೆ. ಮನೆಗೆ ಬಂದು ಪಥ್ಯವನ್ನು ಇನ್ನಷ್ಟು ಬಿಗಿ ಮಾಡಿದೆ.

ಎರಿ ಮಣ್ಣಿನ, ಕರಿ ನೆಲದ, ಊರಲ್ಲಿ ಮನೆ ಕಟ್ಟಿದವರಿಗೆ ಗೊತ್ತು, ಬೇಸಿಗೆಯಲ್ಲಿ ನೆಲ ಬಿರಿದ ಹಾಗೆ ಗೋಡೆಯೂ ಬಿರಿಯುತ್ತದೆ. ಮಳೆ ಬೀಳುವುದರೊಳಗೆ ಅದನ್ನು ಮುಚ್ಚಬೇಕು. ನಮ್ಮ ಹಿತ್ತಲ ಗೋಡೆಯಲ್ಲಿ ಮೂರು ಬೆರಳು ಹೋಗುವಂಥ ಒಂದು ಬಿರುಕು ಇತ್ತು. ಮಗಳಿಗೆ ಹನ್ನೊಂದು ನಡೆಯುತ್ತಿದ್ದ ವರ್ಷ, ಬೇಸಿಗೆಯ ಕೊನೆಗೆ, ನನ್ನ ಗಂಡ ಮಣ್ಣು ಕಲಸಿಕೊಂಡು ಮುಚ್ಚಲು ನಿಂತರು. ಹಳೆಯ ಮಣ್ಣು ಕೆರೆಯಲು ಸಲಾಕೆ ಹಾಕಿದಾಗ ಒಳಗಿನಿಂದ ಬಿಳಿಯ ಚೂರುಗಳು ಉದುರಿದವು. ಮೊದಲು ಹಲ್ಲಿಯ ತತ್ತಿ ಎಂದುಕೊಂಡರಂತೆ. ಆಮೇಲೆ ನನ್ನನ್ನು ಕೂಗಿದರು.

ಗುಳಿಗೆಗಳು. ಅರ್ಧ ಮುರಿದವು, ಪೂರ್ತಿಯವು, ಒಂದಕ್ಕೊಂದು ಅಂಟಿ ಹಳದಿಯಾದವು, ಇರುವೆ ಮುತ್ತಿದವು. ಸಲಾಕೆ ಆಡಿಸಿದಷ್ಟೂ ಬಂದವು. ಸೆರಗಿನಲ್ಲಿ ಹಿಡಿದೆ. ಸೆರಗು ಭಾರವಾಯಿತು. ನಾನು ಪಥ್ಯ ಕಾಯುತ್ತಿದ್ದ ಅಷ್ಟೂ ವರ್ಷ ಗೋಡೆಯೊಳಗಿತ್ತು.

ಮಗಳನ್ನು ಕರೆದೆ. ಸೆರಗು ನೋಡಿದ ಕೂಡಲೇ ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಬಡೀತಿಯೇನಬೇ ಅವ್ವಾ?"

ಬಡಿದೆ. ಕೈ ಸೋಲುವವರೆಗೆ ಬಡಿದೆ. ಅವಳು ಓಡಿ ಹೋಗಲಿಲ್ಲ. "ಕಹಿ ಐತೆವ್ವಾ, ಗಂಟಲದಾಗ ನಿಲ್ಲತೈತಿ. ಆಯಿ ಬೆಣ್ಣ್ಯಾಗ ಕೊಡತಿದ್ಲಲ್ಲ, ಅವಾಗ ಗೊತ್ತಾಗತಿದ್ದಿಲ್ಲ" ಎಂದಳು. ಬೆಣ್ಣೆ ಎಂಬ ಮಾತಿಗೆ ಮತ್ತೆರಡು ಬಿಗಿದೆ. ಆಗ ಆಯಿ ಬಂದು ನಡುವೆ ನಿಂತಳು. ನನ್ನ ಏಟು ಒಂದು ಅವಳ ತೋಳಿಗೂ ಬಿತ್ತು.

ಮರುದಿನದಿಂದ ಮನೆಯಲ್ಲಿ ಜೇಲು ಶುರುವಾಯಿತು. ಬೆಳಿಗ್ಗೆ ಗುಳಿಗೆ ನುಂಗಿದ ಮೇಲೆ ಹುಡುಗಿ ಅಂಗಳದಲ್ಲಿ ಬಾಯಿ ತೆರೆದು ನಿಲ್ಲಬೇಕು. ನಾನು ಬ್ಯಾಟರಿ ಹಚ್ಚಿ ಬೆಳಕು ಬಿಟ್ಟು ನೋಡಬೇಕು. ನಾಲಿಗೆ ಎತ್ತು, ಎಡಗಲ್ಲ ತೋರಿಸು, ಬಲಗಲ್ಲ ತೋರಿಸು. ಐದು ವರ್ಷದ ಸಣ್ಣಾಕೆ ಬಾಜೂಕ್ಕೆ ನಿಂತು ಆಟ ನೋಡಿದ ಹಾಗೆ ನೋಡುತ್ತಿದ್ದಳು. ಬೆಣ್ಣೆಯಲ್ಲಿ ಕೊಟ್ಟರೆ ಇದೆಲ್ಲ ಬೇಕಾಗುವುದಿಲ್ಲ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆದಿತ್ತು. ಆದರೆ ಹಾಗೆ ಮಾಡಿದರೆ ಆಯಿಗೆ ಆಡಿದ ಮಾತನ್ನು ನುಂಗಬೇಕಾಗುತ್ತಿತ್ತು. ಮಗಳಿಗೆ ಗುಳಿಗೆ ನುಂಗು ಎಂದು ಬಡಿದವಳಿಗೆ ಅದನ್ನು ನುಂಗುವುದು ಆಗಲಿಲ್ಲ.

ಡಾಕ್ಟರಿಗೆ ಗೋಡೆಯ ಸುದ್ದಿ ಹೇಳಲಿಲ್ಲ, ನಾಚಿಕೆಯಾಯಿತು. ಆ ಸಲ ಅವರು ಎದೆಯ ಮೇಲೆ ಯಂತ್ರ ಇಟ್ಟು ನೋಡಿದರು. ಹೃದಯದಿಂದ ರಕ್ತ ಹೊರಬೀಳುವ ಬಾಗಿಲು ಸಣ್ಣದಾಗಿದೆ, ನರಗಳೂ ಕಟ್ಟಿವೆ, ಬೆಂಗಳೂರಿನಲ್ಲಿ ಆಪರೇಶನ್ ಮಾಡಿಸಬೇಕು ಎಂದರು. ಹೆಸರು ಬರೆಸಿ ಬಂದೆವು. ಸರದಿ ಬರುವುದನ್ನು ಕಾಯುತ್ತಿದ್ದೆವು.

ಕಡಲೆ ಗಿಡ ಕಾಯಿ ಕಟ್ಟಿದ್ದ ಹೊತ್ತು. ಭಾನುವಾರ. ಹೊಲಕ್ಕೆ ಹೋಗೂಣು ಎಂದು ಅವಳೇ ಹಟ ಹಿಡಿದಳು. ಹಸಿ ಕಡಲೆಗೆ ಪಥ್ಯವಿಲ್ಲ. ಅದೊಂದನ್ನು ಅವಳು ಬೇಕಾದಷ್ಟು ತಿನ್ನಬಹುದಿತ್ತು, ತಿಂದಳು. ಗಿಡದ ಉಪ್ಪುಪ್ಪು ಹುಳಿಗೆ ತುಟಿ ಬೆಳ್ಳಗಾಗಿತ್ತು. ತಂಗಿಗೆ ಕಾಯಿ ಸುಲಿದು ಕೊಟ್ಟಳು. ತಿರುಗಿ ಬರುವಾಗ ಬದುವಿನ ಮೇಲೆ ಕೂತಳು.

"ನೀವು ಮುಂದ ನಡೀರಿ. ನಾ ಇಷ್ಟು ತಿಂದು ಬರತೇನಿ."

ನಾನು ಸಣ್ಣಾಕೆಯ ಕೈ ಹಿಡಿದು ಇಪ್ಪತ್ತು ಹೆಜ್ಜೆ ನಡೆದಿರಬೇಕು. ತಿರುಗಿ ನೋಡಿದಾಗ ಅವಳು ಬದುವಿಗೆ ಒರಗಿದ್ದಳು, ಲಂಗದ ಮಡಿಲಲ್ಲಿ ಕಡಲೆ ಗಿಡ ಹಾಗೇ ಇತ್ತು. ನಿದ್ದೆ ಹತ್ತಿತೇನೋ ಎಂದುಕೊಂಡು ಬೈಯಲು ತಿರುಗಿ ಹೋದೆ. ಅವಳ ಕಣ್ಣು ಅರ್ಧ ತೆರೆದಿತ್ತು. ಬಿಳಿಯ ಬಳೆ ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಜ್ಜ ಬಿದ್ದದ್ದೂ ಅದೇ ಹೊಲದಲ್ಲಿ. ನಮಗೆ ಇರುವುದು ಅದೊಂದೇ ಹೊಲ.

ಅದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಎಡೆ ಹಿಡಿಯುವಾಗ ಅವಳಿಗೆ ಸೇರುತ್ತಿದ್ದದ್ದನ್ನು ಇಡಬೇಕು. ಏನು ಸೇರುತ್ತಿತ್ತು ಎಂದು ಹೆಂಗಸರು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಏನು ಸೇರಬಾರದು ಎಂಬುದಷ್ಟೇ ನನಗೆ ಬಾಯಿಪಾಠವಿತ್ತು. ಆಯಿ ಎಲ್ಲರ ಹಿಂದಿನಿಂದ ಬಂದಳು. ಅವಳ ಕೈಯಲ್ಲಿ ಮುತ್ತುಗದ ಎಲೆ, ಎಲೆಯ ಮೇಲೆ ಬಿಸಿರೊಟ್ಟಿ, ರೊಟ್ಟಿಯ ಮೇಲೆ ಒಂದು ಮುಷ್ಟಿ ಬೆಣ್ಣೆ. ಚಾಚಿಯ ಮನೆಯಿಂದ ಬೇಡಿ ತಂದಿದ್ದಳು. ಮಣ್ಣಿನ ಮೇಲೆ ಇಟ್ಟು, "ಈಗರ ತಿನ್ನು ನನ್ನವ್ವಾ. ಯಾರೂ ಬ್ಯಾಡ ಅನ್ನಾಂಗಿಲ್ಲ" ಎಂದಳು. ನನ್ನ ಕಡೆಗೆ ನೋಡಲಿಲ್ಲ. ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ನೋಡದೆ ಇದ್ದದ್ದಕ್ಕೆ ನಾನು ಅಲ್ಲೇ ಕುಸಿದು ಕೂತು ಅತ್ತೆ.

ಸಣ್ಣಾಕೆಯ ರಕ್ತವನ್ನು ಕೂಸಿದ್ದಾಗಲೇ ನೋಡಿಸಿದ್ದೆವು. ಅವಳಿಗೆ ದೋಷ ಒಂದೇ ಕಡೆಯಿಂದ ಬಂದಿದೆ, ದೊಡ್ಡಾಕೆಯಷ್ಟು ಕೆಟ್ಟದ್ದಲ್ಲ, ಎಂಟು ಒಂಬತ್ತು ವರ್ಷಕ್ಕೆ ಗುಳಿಗೆ ಶುರು ಮಾಡೋಣ ಎಂದಿದ್ದರು. ಹೋದ ತಿಂಗಳು ಕರೆದುಕೊಂಡು ಹೋದೆ. ಡಾಕ್ಟರು ಈಗ ಪೂರ್ತಿ ನರೆತಿದ್ದಾರೆ. ಚೀಟಿ ಬರೆಯುತ್ತ "ನುಂಗತಾಳೇನ್ರಿ ಗುಳಿಗಿ?" ಎಂದು ಕೇಳಿದರು. ಅಷ್ಟು ಕೇಳಿದ್ದೇ ಸಾಕಾಯಿತು. ಬೆಣ್ಣೆ, ಆಯಿ, ಎಮ್ಮೆ, ಗೋಡೆ, ಬಡಿತ, ಬ್ಯಾಟರಿ, ಎಲ್ಲ ಹೇಳಿಬಿಟ್ಟೆ. ಹೊರಗೆ ರೋಗಿಗಳ ಸಾಲಿತ್ತು. ಅವರು ಪೆನ್ನು ಕೆಳಗಿಟ್ಟು ಕೇಳಿದರು.

"ಆ ಕೂಸಿನ ರೋಗ ದೊಡ್ಡದಿತ್ರಿ" ಎಂದರು. "ಎಲ್ಲಾ ಗುಳಿಗಿ ನುಂಗಿದ್ರೂ ಏನಾಗತಿತ್ತು ಅಂತ ನಾ ಹೇಳಾಕ ಬರಾಂಗಿಲ್ಲ. ಸುಳ್ಳು ಹೇಳಾಂಗಿಲ್ಲ ನಾ ನಿಮಗ."

"ಬೆಣ್ಣಿರಿ?" ಎಂದೆ.

"ಅಡಿಕಿಯಷ್ಟು ಬೆಣ್ಣಿಯಿಂದ ಏನೂ ಆಗತಿದ್ದಿಲ್ಲರಿ ತಂಗಿ. ಗುಳಿಗಿ ಹೊಟ್ಟಿಗೆ ಹೋಗೂದು ಮುಖ್ಯ ಇತ್ತು. ನಿಮ್ಮ ಆಯಿಗೆ ಅದು ತಿಳಿದಿತ್ತು."

ಊರಿಗೆ ಬರುವವರೆಗೆ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಮನೆಗೆ ಹೋಗುವ ಮೊದಲು ಚಾಚಿಯ ಬಾಗಿಲಿಗೆ ಹೋಗಿ ಒಂದಿಷ್ಟು ಬೆಣ್ಣೆ ಕೇಳಿದೆ. ಅವಳು ನನ್ನ ಮುಖ ನೋಡಿ, ಯಾರಿಗೆ ಎಂದು ಕೇಳದೆ ಬಟ್ಟಲು ತುಂಬಿ ಕೊಟ್ಟಳು.

ಮರುದಿನ ಬೆಳಿಗ್ಗೆ ಆಯಿ ಪಡಸಾಲೆಯಲ್ಲಿ ಕೂತಿದ್ದಳು. ಅವಳಿಗೆ ಈಗ ಕಣ್ಣು ಮಂಜು, ಕೈ ನಡುಗುತ್ತದೆ. ನಾನು ಬಟ್ಟಲನ್ನೂ ಗುಳಿಗೆಯನ್ನೂ ಅವಳ ಮುಂದೆ ಇಟ್ಟು ಕೆಳಗೆ ಕೂತೆ. "ಆಯಿ, ಸಣ್ಣಾಕಿಗೆ ಗುಳಿಗಿ ಬರದಾರ. ಬೆಣ್ಣ್ಯಾಗ ಇಟ್ಟು ಕೊಡು" ಎಂದೆ. ಇನ್ನೂ ಒಂದು ಮಾತು ಇತ್ತು. ಏಳು ವರ್ಷದಿಂದ ಗಂಟಲಲ್ಲಿ ನಿಂತಿದ್ದ ಮಾತು. "ನಂದು ತಪ್ಪಾತು" ಎಂದೆ.

ಆಯಿ ಬಟ್ಟಲನ್ನು ತಡವಿ ನೋಡಿದಳು. "ಈಗ ಅಂದಿ" ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಬೆಣ್ಣೆ ತೆಗೆದುಕೊಂಡು ಉಂಡೆ ಮಾಡಿದಳು. ಹೆಬ್ಬೆರಳು ನಡುಗಿ ಕುಣಿ ಸರಿಯಾಗಿ ಬೀಳಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಕೂಡಿ ಗುಳಿಗೆ ಇಟ್ಟು ಮುಚ್ಚಿದೆವು.

"ಆ ಅನ್ನವಾ."

ಸಣ್ಣಾಕೆ ಆ ಎಂದಳು. ಗುಟುಕ್ಕನೆ ಹೋಯಿತು. ತುಟಿ ನೆಕ್ಕಿಕೊಂಡಳು. ಆಮೇಲೆ, ಯಾರೂ ಹೇಳದೆಯೇ, ಎದ್ದು ಅಂಗಳಕ್ಕೆ ಹೋಗಿ ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಬಾಯಿ ಅಗಲವಾಗಿ ತೆರೆದಳು. ನಾಲಿಗೆ ಎತ್ತಿದಳು. ಬೆರಳು ಹಾಕಿ ಎಡಗಲ್ಲ ಎಳೆದು ತೋರಿಸಿದಳು, ಬಲಗಲ್ಲ ಎಳೆದು ತೋರಿಸಿದಳು.

"ಬಾಯಿ ಮುಚ್ಚವಾ" ಎಂದೆ. "ನಾ ನೋಡಾಂಗಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ನನಗೆ ಸರಿಯಾಗಿ ಕಾಣುತ್ತಿಲ್ಲ ಎಂದುಕೊಂಡಿರಬೇಕು.

"ತಡಿಯವ್ವಾ, ಬ್ಯಾಟರಿ ತರತೇನಿ" ಎಂದು ಒಳಗೆ ಓಡಿದಳು.